ಇಥೆಲನ ಚೈನು

ಈ ವರ್ಷಕ್ಕೆ ಇದು ನಾಲ್ಕನೆಯದು.
ಅಳತೆಪಟ್ಟಿಯ ಕೊಕ್ಕೆ ಕೊಂಡಿಯ ನಡುವೆ ಇಟ್ಟರೆ ಸಾಕು,
ತಡೆಯಿಲ್ಲದೆ ಇಳಿದುಬಿಡುತ್ತದೆ,
ಅಗುಳಿಯಿಲ್ಲದ ಮನೆಗೆ ಪಕ್ಕದವಳು ನುಗ್ಗಿದ ಹಾಗೆ.

"ಎಳೆದು ಎಳೆದು ಉದ್ದವಾಯಿತೇನು?" ಅನ್ನುತ್ತಾನೆ ಇಥೆಲ್
ಹೆಲ್ಮೆಟ್ಟಿನ ಮಳೆ ಕೊಡವುತ್ತ.
ಉದ್ದವಾಗಲು ಉಕ್ಕೇನು ರಬ್ಬರೇ ಮಾರಾಯ?
ನೂರಿಪ್ಪತ್ತಾರು ಕೊಂಡಿ, ಕೊಂಡಿಗೊಂದು ಮೊಳೆ,
ಒಂದೊಂದು ಮೊಳೆಯೂ ತನ್ನ ತೂತಿನಲ್ಲಿ
ಕೂದಲೆಳೆಯಷ್ಟು, ಅಷ್ಟೂ ಇಲ್ಲ, ಸಡಿಲ.
ಎಲ್ಲರ ಸಡಿಲ ಕೂಡಿ ಒಂದು ಉದ್ದ.

ನಮ್ಮ ಬ್ಲೈನೈಯ ಮಣ್ಣು ಮಣ್ಣಲ್ಲ, ಸ್ಲೇಟುಕಲ್ಲಿನ ಹಿಟ್ಟು.
ಮಳೆ ಬಿದ್ದರೆ ತೇಯ್ದಿಟ್ಟ ಬೂದು ಗಂಧ;
ಎಣ್ಣೆಯ ಜೊತೆ ಕಲೆತು ಚೈನಿನ ಸಂದಿಗಿಳಿದು
ಏರಿನುದ್ದಕ್ಕೂ ಅರೆಯುತ್ತದೆ.
ಇದೇ ಹಿಟ್ಟು ನನ್ನಜ್ಜನ ಎದೆಗೂ ಇಳಿದಿತ್ತು.
ಗಣಿಯ ವೈದ್ಯ ಚಹಾದ ಮೇಲೆ ತಪ್ಪು ಹೊರಿಸಿದ್ದನಂತೆ:
ಕುದಿಸಿ ಕುದಿಸಿ ಕುಡಿಯುತ್ತೀರಿ, ಅದಕ್ಕೇ ಈ ಕೆಮ್ಮು.

ಬ್ರಷ್ಷು, ಸೀಮೆಎಣ್ಣೆ, ಹಳೆ ಬನಿಯನ್ನಿನ ಚಿಂದಿ.
ಉಜ್ಜುತ್ತಲೇ ಉಪದೇಶ:
ಗೇರು ಬದಲಿಸುವ ಮುಂಚೆ ಒಂದು ಗಳಿಗೆ
ಕಾಲು ಹಗುರ ಮಾಡು.
ನಿನ್ನ ಕಾಲಿನದು ನೂರಿಪ್ಪತ್ತು ವ್ಯಾಟು,
ಅದರ ಮೇಲೆ ಮೋಟಾರಿನದು ನಾನೂರು.
ಇಬ್ಬರೂ ಜಗ್ಗುತ್ತಿರುವಾಗ ಗುಂಡಿ ಒತ್ತಿದರೆ
ಚೈನು ಹಲ್ಲಿನಿಂದ ಹಲ್ಲಿಗೆ ಹತ್ತುವುದಿಲ್ಲ,
ಅದನ್ನು ಎತ್ತಿ ಒಗೆದಂತೆ.
ಆ ಟಕ್ ಎಂಬುದು ಕೇಳಿಸುವುದಿಲ್ಲವೇ ನಿನಗೆ?

ಕೇಳಿಸುತ್ತದೆ ಅನ್ನುತ್ತಾನೆ.
ನಲವತ್ತೊಂದು ವರ್ಷ ಅಂಚೆಚೀಲ ಹೊತ್ತು ಹತ್ತಿದೆ ನೆಸ್ತಾ,
ಒಬ್ಬರೂ ಒಂದು ದಿನ ಬೆನ್ನಿಗೆ ಕೈ ಕೊಡಲಿಲ್ಲ.
ಈಗ ಕೊಡುವವನು ಸಿಕ್ಕಿದ್ದಾನೆ,
ಅವನಿಗೆ ತಾಳು ಅನ್ನಲು ಬಾಯಿ ಬರುವುದಿಲ್ಲ.

ಅವನು ಎದುರಿನ ಹೋಟೆಲಿಗೆ ಹೋದ.
ಹಿಂದಿನ ಗಾಲಿ ಕಳಚಿದೆ.
ಹನ್ನೆರಡು ಹಲ್ಲುಚಕ್ರ, ದೊಡ್ಡದರಿಂದ ಸಣ್ಣದಕ್ಕೆ.
ಉಳಿದವು ಇನ್ನೂ ಮಿರುಗುತ್ತಿವೆ,
ಮೇಲಿನಿಂದ ಮೂರನೆಯದೊಂದೇ
ಶಾರ್ಕಿನ ದವಡೆ, ಹಲ್ಲೆಲ್ಲ ಒಂದೇ ಕಡೆಗೆ ಬಾಗಿ.

ಅಂಚೆಯವನ ಓಲೆ ನಾನು ಓದಬಾರದು.
ಓದಿದೆ.
ಸುಮ್ಮನೆ ಕಾಡು ಸುತ್ತುವವನ ಚಕ್ರ ಹೀಗೆ ಸವೆಯುವುದಿಲ್ಲ.
ಇದು ಒಂದೇ ಏರು, ದಿನಾ ಅದೇ ಭಾರ.
ಇಷ್ಟು ದೂರ ಮೂರನೆಯದನ್ನೇ ಬೇಡುವ ದಾರಿ ಈ ಕಣಿವೆಯಲ್ಲಿ ಒಂದೇ,
ಗಣಿಯ ಟ್ರಾಲಿಗಳನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ ಕಲ್ಲುಹಾದಿ.
ಅದರ ತುದಿಗೆ ಹೊಗೆಯಾಡುವ ಮನೆಯೂ ಒಂದೇ: ಮೊರ್ವಿದಳದು.
ಅಂಚೆಯ ವ್ಯಾನು ಈಗ ಅಲ್ಲಿಗೇರುವುದಿಲ್ಲ,
ಕೆಳಗಿನ ಗೇಟಿಗೆ ಡಬ್ಬಿಯೊಂದನ್ನು ಕಟ್ಟಿ ಕೈತೊಳೆದುಕೊಂಡರು.
ಅವಳಿಗೆ ಎಂಬತ್ತೆಂಟು. ಜಗಳಗಂಟಿ.
ಹಿಂದೊಮ್ಮೆ ಇದೇ ಇಥೆಲನ ಮೇಲೆ ನಾಯಿ ಛೂ ಬಿಟ್ಟವಳು.

ಹೊಸ ಚೈನು ಹಳೆ ಹಲ್ಲಿಗೆ ಕೂರುವುದಿಲ್ಲ,
ಭಾರ ಬಿದ್ದೊಡನೆ ಜಾರುತ್ತದೆ.
ಸವೆದದ್ದಕ್ಕೆ ಸವೆದದ್ದೇ ಜೋಡಿ.
ಎರಡನ್ನೂ ಬದಲಿಸಿದರೆ ಇನ್ನೂರ ಮೂವತ್ತು ಪೌಂಡು,
ಪಿಂಚಣಿಯವನಿಗೆ ಯಾವ ಮುಖದಲ್ಲಿ ಹೇಳಲಿ?
ಗುಜರಿ ಡಬ್ಬಿ ಬೋರಲು ಹಾಕಿದೆ.
ಸಿಕ್ಕಿತು, ಬಾಡಿಗೆ ಗಾಡಿಯೊಂದರ ಹಲ್ಲುಚಕ್ರದ ಕಟ್ಟು:
ಯಾರೋ ಬರೀ ಇಳಿಜಾರಿನಲ್ಲೇ ಹಾರಿಸಿದ್ದು.
ಸಣ್ಣವೆಲ್ಲ ತಿಂದುಹೋಗಿವೆ,
ಮೂರನೆಯದು ಏರೆಂದರೇನೆಂದೇ ಅರಿಯದು.

ಬಿಲ್ಲಿನಲ್ಲಿ ಬರೆದೆ: ಚೈನು, ಒಂದು.
ಅವನು ಬಗ್ಗಿ ನೋಡಿದ,
ಮೂರನೆಯದರ ಮೇಲೆ ಹೆಬ್ಬೆರಳಾಡಿಸಿದ,
ಏನೂ ಕೇಳಲಿಲ್ಲ. ನಾನೂ.
ಚೀಲದ ಬಾಯಲ್ಲಿ ಎರಡು ಹಾಲಿನ ಬಾಟಲಿ,
ಒಂದು ಪೊಟ್ಟಣ ನಾಯಿಯ ಬಿಸ್ಕತ್ತು.

ಅಂಗಡಿ ದಾಟಿದರೆ ದಿಬ್ಬ.
ಕಿವಿಗೊಟ್ಟು ನಿಂತೆ.
ಮೋಟಾರಿನ ಗುಂಯ್ ಒಂದು ಗಳಿಗೆ ಸುಮ್ಮನಾಯಿತು,
ಕಾಲು ಹಗುರಾಯಿತು, ಕ್ಲಿಕ್.
ಅಬ್ಬ ಅಂದುಕೊಂಡೆ.

ಚಾಪೆಲಿನ ತಿರುವಿನಲ್ಲಿ: ಟಕ್.

ಒಳಗೆ ಬಂದು
ಐದನೆಯದಕ್ಕೆ ಆರ್ಡರು ಹಾಕಿಟ್ಟೆ.