ಮೂರನೇ ಬೆರಳು

ಭದ್ರಾವತಿಯ ಯೂನಿಯನ್ ಆಫೀಸಿನಲ್ಲಿ
ಬಾಡಿಗೆ ವಿಸಿಆರು, ಆರು ರಾತ್ರಿ, ಆರು ಕ್ಯಾಸೆಟ್ಟು.
ಹಡಗಿನ ಹೊಟ್ಟೆಯೊಳಗೆ ಮನುಷ್ಯರನ್ನು
ಸೌದೆಯ ಹಾಗೆ ಒಟ್ಟಿದ್ದರು.
ಮಾತೆಲ್ಲ ಇಂಗ್ಲಿಷು. ಟೈಮ್‌ಕೀಪರ್ ಎಬೆನೇಜರ್
ಟೀವಿ ಪಕ್ಕ ನಿಂತು ಕನ್ನಡಕ್ಕೆ ತರುತ್ತಿದ್ದರು.

ಹರಾಜಿನ ಕಟ್ಟೆಯಲ್ಲಿ ಒಬ್ಬನ ಬಾಯಿ ಬಿಡಿಸಿ
ಹಲ್ಲು ನೋಡುವಾಗ
ಕುಲುಮೆಯ ಮಸಿ ತೊಳೆಯದೆ ಬಂದಿದ್ದ ಅಪ್ಪ
ಹಿಂದಿನ ಸಾಲಿಂದ ಅಂದ:
'ಇದ್ಕೆ ತರ್ಜುಮೆ ಬ್ಯಾಡ ಸಾ.'
ಎಬೆನೇಜರ್ ಕೂತರು.
ಆಮೇಲೆ ಯಾರೂ ಬೀಡಿ ಹಚ್ಚಲಿಲ್ಲ.

ಆ ವಾರ ಕ್ಯಾಂಟೀನಿನಲ್ಲಿ, ಸೈಕಲ್ ಸ್ಟ್ಯಾಂಡಿನಲ್ಲಿ
ಎಲ್ಲರಿಗೂ ಒಂದೇ ಹುಚ್ಚು:
ನಿನ್ನ ಮುತ್ತಜ್ಜನ ಹೆಸರೇನು?
ಗುಮಾಸ್ತ ನರಹರಿ ಭಟ್ಟರು ಏಳು ತಲೆ ಹೇಳಿದರು,
ಉಸಿರು ಬಿಡದೆ, ಗೋತ್ರ ಸಮೇತ.
ಅಪ್ಪ ಬೆರಳು ಮಡಿಸಿದ. ಗುತ್ಯಪ್ಪ. ದ್ಯಾವ.
ಮೂರನೆಯದು ನೆಟ್ಟಗೆ ನಿಂತೇ ಇತ್ತು.

ಭಾನುವಾರ ಸೊರಬದ ಬಸ್ಸು ಹತ್ತಿದೆವು.
ಒಡೆಯರ ಮೊಮ್ಮಗ ಪಾಪ, ಒಳ್ಳೆಯವನು,
ಹಳೇ ಕ್ರಯಪತ್ರ ಹುಡುಕಿ ಅಂಗಳಕ್ಕೇ ತಂದ.
ಓದಿದ್ದು ನಾನು, ಏಳನೇ ಕ್ಲಾಸು:
'ಗದ್ದೆ ನಾಲ್ಕು ಖಂಡುಗ,
ಹಲಸಿನ ಮರ ಎರಡು,
ಮಣ್ಣಾಳು ಮೂರು.'
ಮರಕ್ಕಾದರೂ ಜಾತಿ ಬರೆದಿತ್ತು, ಹಲಸು ಅಂತ.

ಅಪ್ಪ ಕಾಗದ ಮಡಿಸಿ ವಾಪಸು ಕೊಟ್ಟ.
ಮಜ್ಜಿಗೆ ಬೇಡವೆಂದ.

ಬಸ್ಸಿನಲ್ಲಿ ಕಂಡಕ್ಟರು ಕೇಳಿದ, ಎಷ್ಟು ಟಿಕೇಟು?
ಇದ್ದದ್ದು ನಾವಿಬ್ಬರು.
ಅಪ್ಪ 'ಐದು' ಅಂದು
ಚಿಲ್ಲರೆ ಎಣಿಸತೊಡಗಿದ.