ಎರಡನೇ ರೀಲು

ನಮ್ಮೂರಲ್ಲಿ ಹಿಮ ಬಿದ್ದದ್ದು ಒಂದೇ ಸಲ,
ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ಲಬ್ಬಿನ ಹಿಂದೆ,
ಎರಡು ಬೆಡ್‌ಶೀಟು ಸೇರಿಸಿ ಹೊಲಿದ ಪರದೆಯ ಮೇಲೆ.
ನಟ್ಟನಡುವೆ ಹೊಲಿಗೆ. ರಾಣಿಯ ಬಿಳಿ ಗಾಡಿ
ಈ ಕಡೆಯಿಂದ ಆ ಕಡೆಗೆ ಹೋದಾಗಲೆಲ್ಲ
ಒಮ್ಮೆ ಅಲ್ಲಿ ಎಡವುತ್ತಿತ್ತು.

ಚಿತ್ರ ಯಾವ ದೇಶದ್ದೋ, ಮಾತು ಯಾರಿಗೂ ತಿಳಿಯದು.
ಸವರಿಮುತ್ತು ಪ್ರೊಜೆಕ್ಟರಿನ ಪಕ್ಕ ನಿಂತು
ಯೂನಿಯನ್ ಮೀಟಿಂಗಿನ ಮೈಕು ಹಿಡಿದು ಹೇಳುತ್ತಿದ್ದ:
"ಈ ಹುಡುಗನ ಕಣ್ಣಿಗೆ ಗಾಜಿನ ಚೂರು ಬಿತ್ತು.
ಇನ್ನು ಅವನಿಗೆ ಕಂಡದ್ದೆಲ್ಲ ಕೆಟ್ಟದ್ದೇ.
ಆ ಬಿಳಿ ಅಮ್ಮ ಕರ್ಕೊಂಡು ಹೋಗ್ತಾಳೆ, ನೋಡ್ತಾ ಇರಿ."

ಬೀಳುತ್ತಿರುವುದು ಏನು ಅಂತ ಹಿಂದಿನ ಸಾಲು ಕೇಳಿತು.
ಮಂಜು ಅಂದ.
ಮಂಜು ನಮಗೆ ಗೊತ್ತು. ಮಾಗಿಯ ಬೆಳಿಗ್ಗೆ ಸೇತುವೆ ನುಂಗುತ್ತದೆ,
ಕಾರ್ಖಾನೆಯ ಸೈರನ್ನು ನುಂಗಲಾರದು.
ಅದು ಬೀಳುವುದಿಲ್ಲ, ನಿಂತಿರುತ್ತದೆ.
ಐಸು ಅಂದ.
ಐಸು ಕಡ್ಡಿಗೆ ಅಂಟಿಕೊಂಡಿರುತ್ತದೆ, ಕೆಂಪಗೆ.
ಕಡೆಗೆ, "ಬೂರುಗದ ಕಾಯಿ ಒಡೆದಿದೆ ಅಂದ್ಕೊಳ್ಳಿ,
ಆದರೆ ಮುಟ್ಟಿದರೆ ಸುಡುತ್ತೆ" ಅಂದ.
ಸುಡುವುದು ಗೊತ್ತಿತ್ತು. ಸುಮ್ಮನಾದೆವು.

ಎರಡನೇ ರೀಲು ಇರಲಿಲ್ಲ.
ಅದರ ಡಬ್ಬಿಯಲ್ಲಿ ಇದ್ದದ್ದು ಕುಟುಂಬ ಯೋಜನೆ.
"ಲೈಟು ಹಾಕಬೇಡಿ" ಎಂದವನೇ
ಖಾಲಿ ಬೆಳಕನ್ನೇ ಪರದೆಗೆ ಬಿಟ್ಟ.
ದೀಪದ ಹುಳಗಳು ಎದ್ದು ಬಂದವು, ಅವೇ ಹಿಮ.
ಹುಡುಗಿ ಬರಿಗಾಲಲ್ಲಿ ಸ್ಟೇಷನ್ನಿಗೆ ಬಂದಳು.
ಹಿಮದ ರಾಜ್ಯಕ್ಕೆ ಅರ್ಧ ಟಿಕೆಟ್ಟು ಕೇಳಿದಳು.
"ತರೀಕೆರೆ ದಾಟಿ ಬೀರೂರಲ್ಲಿ ಗಾಡಿ ಬದಲಾಯಿಸಮ್ಮ,
ರಾತ್ರಿ ಚಳಿ, ಚಾದರ ಇದೆಯಾ?" ಎಂದರು ಮಾಸ್ತರು.
ಇರಲಿಲ್ಲ. ಹಸಿರು ಬಾವುಟ ಕೊಟ್ಟರು ಹೊದೆಯಲು.

ಆಮೇಲೆ ಮೈಕಿನಲ್ಲಿ ಬರೀ ಉಸಿರು, ಸ್ವಲ್ಪ ಹೊತ್ತು.
"ಕಣ್ಣಿಗೆ ಬಿದ್ದದ್ದು ಅತ್ತರೆ ಬರುತ್ತಾ? ಬರಲ್ಲ.
ಒಬ್ಬಳು ಅತ್ತು ನೋಡಿದ್ದಾಳೆ, ನನಗೆ ಗೊತ್ತು.
ಅದಕ್ಕೇ ಈ ಹುಡುಗಿ ಏನು ಮಾಡಿದಳು?
ಗುಜರಿ ಯಾರ್ಡಿನ ಕ್ರೇನಿಂದ ಅಯಸ್ಕಾಂತ ಬಿಚ್ಚಿಸಿಕೊಂಡು
ಹೆಗಲ ಮೇಲೆ ಹೊತ್ತು ಹೊರಟಳು."
"ಗಾಜಿಗೆ ಅಯಸ್ಕಾಂತ ಹಿಡಿಯಲ್ಲ!"
ಕೂಗಿದ್ದು ಫಿಟ್ಟರ್ ತಿಪ್ಪೇಶಿಯ ಮಗ.
"ಆ ದೇಶದ ಗಾಜಲ್ಲಿ ಕಬ್ಬಿಣ ಜಾಸ್ತಿ. ಕೂತ್ಕೋ."

ಮೂರನೇ ರೀಲಿನಲ್ಲಿ ಹುಡುಗಿ ಅತ್ತಳು,
ಚೂರು ಕರಗಿ ಕೆನ್ನೆಗೆ ಇಳಿಯಿತು.
ಸವರಿಮುತ್ತು ಮೈಕು ಆಫ್ ಮಾಡಿದ್ದ.

ಆ ತಿಂಗಳು ಅಪ್ಪ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿದ್ದ.
ಎರಕದ ಅಂಚು ಕೆತ್ತುವಾಗ ಸಿಡಿದದ್ದು, ಎಳ್ಳಿನಷ್ಟು.
ಅಯಸ್ಕಾಂತ ಹಿಡಿದೇ ತೆಗೆದರು.
ಚೂರು ಪೂರ್ತಿ ಬಂತು, ಬೆಳಕು ಅರ್ಧ ಬಂತು.
ಏನು ಕಾಣುತ್ತೆ ಅಂತ ಕೇಳಿದರೆ
"ಹತ್ತಿ ಹಾರಿದ ಹಾಗೆ" ಅಂದ. ಚಿತ್ರದ ಸುದ್ದಿ
ನಾನು ಅವನಿಗೆ ಹೇಳಿರಲಿಲ್ಲ.
ಸೈಕಲ್ ಸ್ಟ್ಯಾಂಡಿನ ಹಿಂದೆ ನಾನು ಅಳುತ್ತಿದ್ದುದನ್ನು
ಸವರಿಮುತ್ತು ಕಂಡಿದ್ದನೆಂದು ಹೊಳೆಯುವಷ್ಟರಲ್ಲಿ
ನನಗೆ ಮದುವೆಯಾಗಿ ಮಗುವಾಗಿತ್ತು,
ಅವನ ಮನೆಗೆ ಬೇರೆ ಯಾರೋ ಬಂದಿದ್ದರು.

ಬಿ.ಎಚ್. ರಸ್ತೆಯ ವಿಡಿಯೋ ಅಂಗಡಿಯಲ್ಲಿ ಅದೇ ಕತೆ
ಬಣ್ಣದಲ್ಲಿ ಸಿಕ್ಕಿತು, ಹಿಂದಿಯಲ್ಲಿ; ರಾಣಿಗೆ ಎರಡು ಡ್ಯಾನ್ಸು.
ಟೀವಿಯಲ್ಲೊಮ್ಮೆ ರಾಣಿಯೇ ಪಾಪದವಳು,
ಅವಳ ತಾಯಿಯೇ ಸರಿಯಿರಲಿಲ್ಲವಂತೆ.
ಇನ್ನೊಂದರಲ್ಲಿ ಚೂರೇ ಇಲ್ಲ, ಮಕ್ಕಳು ಹೆದರುತ್ತವೆಂದು.
ನಾನು ಎಲ್ಲವನ್ನೂ ನೋಡಿದೆ.
ಸ್ಟೇಷನ್ನು ಯಾವುದರಲ್ಲೂ ಬರಲಿಲ್ಲ.

ಈಗ ಮೊಮ್ಮಗಳು ಹಂಸಿನಿಯ ಟ್ಯಾಬಿನಲ್ಲಿ
ಒಂದೊಂದು ಹರಳೂ ಬೇರೆ ಬೇರೆ ಹೊಳೆಯುವ ಹಿಮ,
ಹೊಲಿಗೆಯಿಲ್ಲದ ಪರದೆ, ಗಾಡಿ ಎಲ್ಲೂ ಎಡವುವುದಿಲ್ಲ.
ನಾನು ನಡುವಿನ ಆ ಜಾಗವನ್ನೇ ನೋಡುತ್ತೇನೆ.
"ಬೋರಾಗ್ತಿದೆಯಾ ಅಜ್ಜಿ? ಮುಂದಕ್ಕೆ ಓಡಿಸಲಾ?"
ತಡಿಯೇ, ಅಂತೇನೆ.
ಇನ್ನೂ ತರೀಕೆರೆ ಬಂದಿಲ್ಲ.