ಹದಿನಾಲ್ಕು ಹಸರ ಅಂಗಿ

ಮೊದಲ ಅಂಗಿ ಬಂದವು.
ಕಪ್ಪಿನ ಮಾತು ಆಮ್ಯಾಲ.

ವಾಸ್ಕೋ ಬಂದರದಾಗ ಹಮಾಲಿ ಮಾಡೋ ನನ್ನ ಮೈದುನ ಲಾಲಸಾಬ
ಒಂದು ಗೋಣಿಚೀಲ ತಂದು ಹೊಲಿಗಿ ಮಷಿನ್ ಮ್ಯಾಲ ಸುರುವಿದ:
ಯಾವನೋ ಐರ್ಲೆಂಡಿನ ಖಲಾಸಿ ಕೊಟ್ಟನಂತ,
ತನ್ನೂರ ಕ್ಲಬ್ಬಿನವು, ಹಳೇವು.
ಒಮ್ಮೆ ಆ ಸಣ್ಣ ಊರು ದೊಡ್ಡ ಕಪ್ ಗೆದ್ದು
ಮೂರು ದಿನ ಬೇಕರಿ ಬಾಗಲಾ ತೆಗೀಲಿಲ್ಲಂತ.
ಲಾಲಸಾಬಗ ಇಂಗ್ಲಿಷ್ ಬರೂದಿಲ್ಲ,
ಖಲಾಸಿಗೆ ಹಿಂದಿ ಬರೂದಿಲ್ಲ,
ಕೈಸನ್ನೀಲೆ ಎಷ್ಟು ತಿಳೀತೋ ಅಷ್ಟು ಖರೇ.

ಎದೀ ಮ್ಯಾಲ ಒಬ್ಬ ಕಟುಕನ ಅಂಗಡಿ ಹೆಸರು,
ಸಾಲಿಗೆ ಹೋಗೋ ದುರ್ಗೇಶ ಓದಿ ಹೇಳಿದ.
ಬಿಚ್ಚಿ ತೆಗೀಲೇನು ಅಂದೆ.
ಇರಲಿ ಬಿಡು ಆಪಾ,
ಎದೀ ಮ್ಯಾಲ ಯಾರದರೆ ಹೆಸರಿದ್ರ
ಪುಕ್ಕಟ ಮಂದಿ ಅನಿಸೂದಿಲ್ಲ.

ಆ ಊರಾಗ ಎಂಥಾ ಎದಿ ಇರತಾವೋ!
ಒಂದಂಗ್ಯಾಗ ನಮ್ಮವರು ಇಬ್ಬರು ಹಿಡೀತಿದ್ರು.
ಬಗಲಿಗೆ ನಾಕ್ ನಾಕ್ ಬೆರಳು ಹಿಡದೆ,
ಮೈದಾ ಚೀಲ ಕತ್ತರಿಸಿ ನಂಬರ್ ಹೊಲದೆ,
ಒಂಬತ್ತರ ಬೆನ್ನಿಗೆ ಗಿರಣಿ ಮುದ್ರಿ ಅರ್ಧ ಉಳಕೊಂಡಿತು.

ಝುವಾರಿನಗರದ ನಮ್ಮ ನಾಕನೇ ಲೈನಿಗೆ ಮೈದಾನ ಇಲ್ಲ.
ಕಾರ್ಖಾನಿ ಗ್ವಾಡಿಗೂ ರೈಲು ಹಳಿಗೂ ನಡುವ
ಕೆಂಪು ಮಣ್ಣಿನ ಒಂದು ತುಂಡು,
ಚೆಂಡು ಗ್ವಾಡಿ ದಾಟಿದ್ರ ಆಟ ಅಂದಿಗೆ ಮುಗೀತು.
ಫೆಸ್ತಿನ ಕಪ್ಪಿಗೆ ಹೆಸರು ಕೊಟ್ಟದ್ದು ಚಾಷ್ಟಿಗೆ.
ಮೊದಲ ಆಟ, ಎದರಿನವರು ಲಗ್ನಕ್ಕ ಹೋಗಿ ಬರಲಿಲ್ಲ.
ಎರಡನೇದು ಮಳಿಗೆ ನಿಂತು, ನಾಣ್ಯ ಚಿಮ್ಮಿ ಗೆದ್ವಿ.
ಮೂರನೇದರಾಗ ಚೆಂಡು ಬಂದು ಸೋಮ್ಲೂನ ತಲೀಗೆ ಬಡದು
ತಾನ ದಾರಿ ಹುಡಿಕ್ಕೊಂಡು ಒಳಗ ಹೋತು.
ಅವ ಇನ್ನೂ ಹೇಳತಾನ, ನೋಡೇ ಹೊಡದೆ ಅಂತ.

ಫೈನಲ್ಲಿಗೆ ಸಿಮೆಂಟಿನ ಟೆಂಪೋದಾಗ ಹೋದ್ವಿ,
ಇಳದಾಗ ಹಸರ ಅಂಗಿ ಬೂದಿ ಬಣ್ಣ.
ಮಂದಿ ನಕ್ಕರು. ಒಬ್ಬ ಘಾಂಟಿ ಅಂದ.
ನಮಗೇನ ಹೊಸಾ ಶಬ್ದಲ್ಲ:
ಬಸ್ಸಿನಾಗ, ಬಜಾರದಾಗ, ದವಾಖಾನಿ ಚೀಟಿ ಕಿಟಕ್ಯಾಗ
ಚಿಲ್ಲರ ಕೊಟ್ಟಂಗ ಕೊಡತಾರ,
ಎಣಿಸದ ಕಿಸೇಕ ಹಾಕ್ಕೋತೀವಿ.

ತೊಂಬತ್ತು ಮಿನಿಟು.
ಆಟ ತಿಳಿದಾಕಿ ಅಲ್ಲ ನಾ, ಹೊಲಿಗಿ ನೋಡ್ತಿದ್ದೆ.
ಮೌಲಾ ಕೈ ಎತ್ತಿದಾಗೊಮ್ಮೆ ಬಗಲು ಬಿಚ್ಚಿ ಬನಿಯನ್ ಕಾಣೂದು,
ಜೋಡ ಹೊಲಿಗಿ ಹಾಕಬೇಕಿತ್ತ ಅಯ್ಯ, ಅಂತ
ಜೀವ ಅಲ್ಲೇ ಕುಂತಿತ್ತು.

ಕಡೀಕ ಇಬ್ಬರಿಗೂ ಸೊನ್ನಿ. ಪೆನಾಲ್ಟಿ.
ಗೋಲಿನಾಗ ಯಮನೂರ.
ಮೂರನೇ ಮಾಳಿಗಿ ಪರಾಂಚಿ ಮ್ಯಾಲ ನಿಂತು
ಕೆಳಗಿಂದ ತೂರಿದ ಇಟ್ಟಂಗಿ ಹಿಡಿಯೂದು ಅವನ ನೌಕರಿ,
ದಿನಕ್ಕ ಆರುನೂರು.
ಕೈ ತಪ್ಪಿದ್ರ ಕೆಳಗಿನವನ ತಲಿ.
ಕೆಳಗಿನವ ಅವರಪ್ಪ.

ಹಂಗಂತ ಮೊದಲ ಮೂರೂ ಬಿಟ್ಟ.
ನಾಕನೇದು ಎಡಕ್ಕ ಬಂತು,
ಐದನೇದು ನಟ್ಟನಡು ಎದೀಗೆ, ಆ ಕಟುಕನ ಹೆಸರಿನ ಮ್ಯಾಲ.
ತಡೀಲಿಲ್ಲ, ಹಿಡದ.
ಹಿಡದು ಮಗ್ಗಲಕ್ಕ ಇಟ್ಟ,
ಇಟ್ಟಂಗಿ ಇಟ್ಟಂಗ.

ನಮ್ಮ ಕಡೀದು ಸೋಮ್ಲು ಒದ್ದ.
ಕಂಬಕ್ಕ ಬಡದು, ಸ್ವಲ್ಪ ವಿಚಾರ ಮಾಡಿ, ಒಳಗ ಹೋತು.

ಘಾಂಟಿ ಅಂದವನೇ ಎದ್ದು ಬಂದ.
ಬರೊ ಖೆಳ್ಳೊ ರೇ, ಅಂತ ಯಮನೂರನ ಕೈ ಕುಲುಕಿದ,
ಕುಲುಕಿ ತನ್ನ ಅಂಗೈ ತಿರುವಿ ನೋಡ್ಕೊಂಡ,
ಪಾಲಿಶ್ ಕಾಗದ ಮುಟ್ಟಿದವರಂಗ.
ಮಾಫಿ ಕೇಳಲಿಲ್ಲ.
ಕೇಳಿಸಿಕೊಳ್ಳೋ ಪುರಸೊತ್ತು ಅವತ್ತ ಯಾರಿಗಿತ್ತು?

ರಾತ್ರಿ ಕಪ್ಪಿನಾಗ ಚಹಾ ಹಾಕಿದ್ರು.
ತಳದ ತಿರುಪು ಸಡ್ಲ, ಮೊಣಕೈತನಕ ಸೋರಿತು.
ಯಮನೂರನ ಅಪ್ಪ ಒಂದ ಗುಟುಕು ಕುಡದು,
ಸಕ್ರಿ ಕಡಿಮಿ ಆತು ಅಂದು,
ಗ್ವಾಡಿಗೆ ಮಾರಿ ಮಾಡಿ ಬಾಳ ಹೊತ್ತು ನಿಂತ.

ಐರ್ಲೆಂಡಿನ ಆ ಬೇಕರಿಯವರು ಮಲಗಿರಬಹುದು ಮೂರು ದಿನ.
ನಮ್ಮಲ್ಲಿ ಐದೂವರಿಗೆ ನಳ ಬರತೈತಿ.
ಹೋದೆ. ಕೊಡ, ಬಕೀಟು, ಎಣ್ಣಿ ಡಬ್ಬಿ,
ನಡುವ, ಯಾರಿಟ್ಟಿದ್ರೋ ಏನೋ,
ಪಾಳಿ ಹಿಡದು ಕುಂತ ಕಪ್ಪು.
ಯಾರೂ ಸರಸಲಿಲ್ಲ.
ದಿನಾ ಕಚ್ಚಾಡೋ ನೀಲವ್ವ
ತನ್ನ ಕೊಡ ಒಂದು ಗೇಣು ಹಿಂದಕ್ಕ ಎಳಕೊಂಡು
ಅದು ತುಂಬಲಿ ತಡೀರಿ, ಅಂದ್ಲು.